ವಿಕಿರಣದ ಗಾಯವೂ ಗಣಕಯಂತ್ರದ ಲೆಕ್ಕವೂ

ಹೇಮಾವತಿಯ ದಡದ ಅಕ್ಕಿಹೆಬ್ಬಾಳಿನಿಂದ ರೈಲು ಹತ್ತಿ ಮೈಸೂರಿಗೋ, ಅಲ್ಲಿಂದ ಮುಂದೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಅರ್ಬುದರೋಗಿಯನ್ನು ಕರೆದೊಯ್ಯುವ ಬಂಧುಗಳು, ‘ಕರೆಂಟು ಕೊಡುವುದನ್ನು’, ಎಂದರೆ ವಿಕಿರಣ ಚಿಕಿತ್ಸೆಯನ್ನು, ಒಂದೇ ದಿನದಲ್ಲಿ ಮುಗಿಸದೆ ದಿನಕ್ಕಿಷ್ಟೆಂದು ವಾರಗಟ್ಟಲೆ ಹಂಚುವುದೇತಕ್ಕೆ ಎಂದು ಕೇಳುವುದು ಸಹಜವೇ ಆಗಿದೆ. ಉತ್ತರವು ಜೀವಕೋಶದ ಗರ್ಭದಲ್ಲಿರುವ ಡಿಎನ್‌ಎ ಎಂಬ ಎರಡೆಳೆಯ ಸುರುಳಿಯಲ್ಲಿದೆ. ಅದರ ಅಗಲವಾದರೋ ಕೇವಲ 2 ನ್ಯಾನೋಮೀಟರು, ಎಂದರೆ ಒಂದು ಮಿಲಿಮೀಟರಿನ ಐದು ಲಕ್ಷದಲ್ಲೊಂದು ಪಾಲು.

ವಿಕಿರಣವು ಈ ಸುರುಳಿಯನ್ನು ತಾನೇ ತಾಗಿ ಕಡಿಯಬಹುದು. ಇಲ್ಲವೆ ಕೋಶದೊಳಗಿನ ನೀರನ್ನು ಸೀಳಿ, ಅದರಿಂದ ಹುಟ್ಟಿದ ಉಗ್ರವಾದ ಹೈಡ್ರಾಕ್ಸಿಲ್ ಕಣಗಳ ಮೂಲಕ ಕಡಿಸಬಹುದು. ಒಂದು ಗ್ರೇ (ದೇಹವು ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನ) ಪ್ರಮಾಣದ ಎಕ್ಸ್ ಕಿರಣ ಬಿದ್ದಾಗ ಪ್ರತಿಯೊಂದು ಕೋಶದಲ್ಲಿಯೂ ಸುಮಾರು 1000 ಒಂಟಿ ಎಳೆಯ ಕಡಿತಗಳೂ ಸುಮಾರು 40 ಜೋಡಿ ಎಳೆಯ ಕಡಿತಗಳೂ ಆಗುವುವು. ಸಂಖ್ಯೆಯಲ್ಲಿ ಅಲ್ಪವಾದ ಈ ಎರಡನೆಯ ಬಗೆಯೇ ಹೆಚ್ಚು ಮಾರಕ. ಕೆರೆಯ ಏರಿಯು ಒಳಮೈಯಲ್ಲೊಂದೆಡೆ, ಹೊರಮೈಯಲ್ಲಿ ದೂರದ ಇನ್ನೊಂದೆಡೆ ಕುಸಿದರೆ ನೀರುಗಂಟಿಯು ಸಾವಕಾಶವಾಗಿ ಮಣ್ಣು ಮೆತ್ತಬಲ್ಲನು. ಎರಡು ಮೈಯೂ ಒಂದೇ ನೇರದಲ್ಲಿ ಕುಸಿದರೆ ಏರಿಯೇ ಒಡೆಯುವುದು. ಆದುದರಿಂದ ಗಾಯಗಳು ಎಷ್ಟೆಂಬುದಕ್ಕಿಂತ ಎಷ್ಟು ಸಮೀಪದಲ್ಲಿ ಬಿದ್ದವೆಂಬುದೇ ಕೋಶದ ಗತಿಯನ್ನು ನಿರ್ಣಯಿಸುತ್ತದೆ.

ಕ್ಷಣದ ಲಕ್ಷಾಂಶಕ್ಕೂ ಮೊದಲೇ ಮುಗಿದುಹೋಗುವ ಈ ವ್ಯಾಪಾರವನ್ನು ಯಾವ ಸೂಕ್ಷ್ಮದರ್ಶಕವೂ ಹೆಜ್ಜೆಹೆಜ್ಜೆಯಾಗಿ ಕಾಣಿಸಲಾರದು. ಅಲ್ಲಿ ನೆರವಿಗೆ ಬರುವುದು, 1940ರ ದಶಕದಲ್ಲಿ ಸ್ಟಾನಿಸ್ಲಾವ್ ಉಲಾಮ್ ಮತ್ತು ಜಾನ್ ಫಾನ್ ನಾಯ್‌ಮನ್ ರೂಪಿಸಿದ ಮಾಂಟೆ ಕಾರ್ಲೊ ಪದ್ಧತಿ. ವಿಕಿರಣವು ಕೋಶದೊಳಗೆ ಚಿಮ್ಮಿಸಿದ ಎಲೆಕ್ಟ್ರಾನು ಮುಂದೆ ಎಲ್ಲಿ ಡಿಕ್ಕಿ ಹೊಡೆಯುವುದು, ಎಷ್ಟು ಶಕ್ತಿಯನ್ನು ಬಿಡುವುದು ಎಂಬುದನ್ನು ಗಣಕಯಂತ್ರವು ತಿಳಿದಿರುವ ಸಂಭವನೀಯತೆಗಳಿಗೆ ಅನುಸಾರವಾಗಿ ಯಾದೃಚ್ಛಿಕ ಸಂಖ್ಯೆಗಳಿಂದ ಆರಿಸುತ್ತ, ಸಾವಿರಾರು ಪಥಗಳನ್ನು ಬರೆಯುತ್ತದೆ. ಅನಂತರ ಆ ಪಥಗಳನ್ನು ಡಿಎನ್‌ಎಯ ಮಾದರಿಯ ಮೇಲಿಟ್ಟು, ಎದುರುಬದುರಾದ ಎಳೆಗಳಲ್ಲಿ ಸುರುಳಿಯ ಮೆಟ್ಟಿಲುಗಳಂತಿರುವ ಪ್ರತ್ಯಾಮ್ಲ ಜೋಡಿಗಳಲ್ಲಿ ಹತ್ತರ ಅಂತರದೊಳಗೆ ಬಿದ್ದ ಎರಡು ಕಡಿತಗಳನ್ನು ಸಾಮಾನ್ಯವಾಗಿ ಒಂದು ಜೋಡಿ ಕಡಿತವೆಂದು ಎಣಿಸುವರು. ಜಿಯಾಂಟ್4-ಡಿಎನ್‌ಎ ಎಂಬ ತಂತ್ರಾಂಶವು ಇದನ್ನೇ ಮಾಡುತ್ತದೆ; ಅದು ಯಾರಿಗಾದರೂ ಉಚಿತವಾಗಿ ದೊರೆಯುವಂಥದು. ಸಮಾನ ಪ್ರಮಾಣದಲ್ಲಿಯೂ ಆಲ್ಫಾ ಕಣವು ಎಕ್ಸ್ ಕಿರಣಕ್ಕಿಂತ ಹೆಚ್ಚು ಘಾತುಕವೇಕೆಂಬುದು, ಅದರ ದಟ್ಟವಾದ ಪಥವನ್ನು ಹೀಗೆ ಬರೆದಾಗ ಸ್ಪಷ್ಟವಾಗುತ್ತದೆ.

ಗಾಯದಷ್ಟೇ ಮುಖ್ಯವಾದುದು ದುರಸ್ತಿ. ಒಂಟಿ ಕಡಿತಕ್ಕೆ ಉಳಿದ ಎಳೆಯೇ ಅಚ್ಚಾಗುತ್ತದೆ. ಜೋಡಿ ಕಡಿತದಲ್ಲಿ ಕೂ ಎಂಬ ಪ್ರೋಟೀನು ತುದಿಗಳನ್ನು ಹಿಡಿದುಕೊಳ್ಳುವುದು, ಕೊನೆಗೆ ಲಿಗೇಸ್ 4 ಎಂಬ ಕಿಣ್ವವು ಬೆಸೆಯುವುದು. ಈ ಬೆಸುಗೆಯನ್ನು ತಡೆದು ಅರ್ಬುದಕೋಶವನ್ನು ದುರ್ಬಲಗೊಳಿಸುವ ಉದ್ದೇಶದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಸ್ ರಾಘವನ್ ಅವರ ತಂಡವು 2012ರಲ್ಲಿ ‘ಎಸ್‌ಸಿಆರ್7’ ಎಂಬ ಅಣುವನ್ನು ಪ್ರಕಟಿಸಿತು. ಅದರ ರಚನೆಯನ್ನೂ ನಿಖರತೆಯನ್ನೂ ಕುರಿತು ಅನ್ಯ ಪ್ರಯೋಗಶಾಲೆಗಳು ಮುಂದೆ ಪ್ರಶ್ನೆಗಳನ್ನೆತ್ತಿದವು. ದುರಸ್ತಿಯ ಒಂದೊಂದು ಹಂತದ ವೇಗವನ್ನೂ ಸಮೀಕರಣವಾಗಿಸುವ ಗಣಕವು ಗಂಟೆಗಂಟೆಗೆ ಉಳಿಯುವ ಕಡಿತಗಳನ್ನು ಲೆಕ್ಕಹಾಕಿದರೆ, ಪ್ರಯೋಗಶಾಲೆಯು ಜೋಡಿ ಕಡಿತವಾದೆಡೆಯನ್ನು ತೋರಿಸುತ್ತ ಕೋಶದಲ್ಲಿ ಹೊಳೆಯುವ ಗಾಮಾ-ಎಚ್2ಎಎಕ್ಸ್ ಎಂಬ ಪ್ರೋಟೀನಿನ ಚುಕ್ಕೆಗಳನ್ನೆಣಿಸಿ ಆ ಲೆಕ್ಕವನ್ನು ಪರೀಕ್ಷಿಸುತ್ತದೆ.

ಬಂಧುಗಳ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ ಹಂಚಿ ಕೊಟ್ಟಾಗ, ಆರೋಗ್ಯವಂತ ಕೋಶಗಳು ನಡುವಣ ಅವಧಿಯಲ್ಲಿ ತಮ್ಮ ಗಾಯಗಳನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ; ಆ ಸಾಮರ್ಥ್ಯ ಕುಂದಿದ ಅನೇಕ ಅರ್ಬುದಕೋಶಗಳು ಸೋಲುತ್ತವೆ. ಗಣಕದ ಲೆಕ್ಕವು ವೈದ್ಯನ ಅನುಭವಕ್ಕೆ ಬದಲಿಯಲ್ಲ. ಆದರೆ ರೋಗಿಯ ದೇಹಕ್ಕೆ ಕಿರಣ ತಾಗುವ ಮೊದಲೇ ಲಾಭಹಾನಿಗಳನ್ನು ತೂಗಿನೋಡಲು ಅದು ದಾರಿ ಮಾಡಿಕೊಡುತ್ತದೆ. ಭೌತಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಓದುವ ನಮ್ಮ ತಾಲ್ಲೂಕುಗಳ ತರುಣರು ಈ ವಿದ್ಯೆಯನ್ನು ಕೈಗೆತ್ತಿಕೊಳ್ಳುವುದು ಅತ್ಯಂತ ಶ್ರೇಯಸ್ಕರವಾದ ಕಾರ್ಯವಾಗುವುದು.