ಅಗಲಿದ ಕಂದ, ಬಂದ ಕಂದ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಸೀಮೆಯಲ್ಲಿ ಮಕ್ಕಳು ಉಳಿಯದ ಮನೆಯವರು ಮುಂದಿನ ಮಗುವಿಗೆ ತಿಪ್ಪ, ಗುಂಡ ಎಂದು ಹೆಸರಿಡುವುದು ಹಳೆಯ ರೂಢಿ. ಚೆಂದದ ಹೆಸರಿಗೆ ಸಾವಿನ ಕಣ್ಣು ಬಿದ್ದೀತೆಂಬ ಭಯ. ನಮ್ಮ ಮನೆಗಳಲ್ಲೂ ಆ ಭಯವಿದೆ. ಅಕೀಕಾ ಮುಂದೂಡುತ್ತಾರೆ, ಅಗಲಿದ ಮಗುವಿನ ಮಾತೆತ್ತಿದರೆ ತಾಯಿಯ ಬಾಯಿ ಮುಚ್ಚಿಸುತ್ತಾರೆ.

ಮದೀನಾದ ಉಮ್ಮು ಸುಲೈಮ್(ರ) ಮತ್ತು ಅಬೂ ತಲ್ಹಾ(ರ) ದಂಪತಿಯ ಪುಟ್ಟ ಮಗ ಕಾಯಿಲೆಯಿಂದ ತೀರಿಕೊಂಡ. ವಿಷಯ ತಿಳಿದ ಪ್ರವಾದಿ(ಸ)ಯವರು ಅವರಿಬ್ಬರಿಗಾಗಿ ಪ್ರಾರ್ಥಿಸಿದರು. ಮುಂದೆ ಗಂಡು ಮಗು ಹುಟ್ಟಿದಾಗ ಪ್ರವಾದಿ(ಸ)ಯವರು ಖರ್ಜೂರ ಅಗಿದು ಅದರ ಬಾಯಿಗಿಟ್ಟು, ಅಬ್ದುಲ್ಲಾ ಎಂಬ ಸುಂದರ ಹೆಸರಿಟ್ಟರು. ಎಳೆಯ ಮಕ್ಕಳನ್ನು ಕಳೆದುಕೊಂಡಿದ್ದ ಪ್ರವಾದಿ(ಸ)ಯವರು ಇಬ್ರಾಹೀಮ್ ಹುಟ್ಟಿದಾಗ ಸಂತೋಷದಿಂದ ಸಾರಿದರು. ಆ ಕಂದನೂ ಅಗಲಿದಾಗ ಕಣ್ಣೀರಿಟ್ಟರು. ಸಂತೋಷವೂ ಕಣ್ಣೀರೂ ಈಮಾನಿಗೆ ವಿರುದ್ಧವಲ್ಲ.

ಆದ್ದರಿಂದ ಸಹೋದರಿಯರೇ, ಏಳನೇ ದಿನ ಅಕೀಕಾ ಮಾಡಿ. ಸಾಲ ಮಾಡಿ ಆಡಂಬರ ಬೇಡ. "ಹೋದದ್ದು ಮರಳಿ ಬಂತು" ಎನ್ನಬೇಡಿ. ಇದು ಬೇರೆಯೇ ಮಗು. ಗರ್ಭ ನಿಂತೊಡನೆ ಹಿಂದಿನ ನಷ್ಟವನ್ನು ವೈದ್ಯರಿಗೆ ತಿಳಿಸಿ, ತಾಯಿ ಕಾರ್ಡ್‌ನಲ್ಲಿ ಬರೆಸಿ. 2016ರಿಂದ ಪ್ರತಿ ತಿಂಗಳು 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. ದುಆದೊಂದಿಗೆ ಅದನ್ನೂ ಬಿಡಬೇಡಿ.