ಬರ್ಮಿಂಗ್‌ಹ್ಯಾಮ್‌ನಿಂದ ಪುತ್ತೂರಿಗೆ ಬಂದ ಕೊಕ್ಕೊ

ಮೈಸೂರಿನ ಕುವೆಂಪುನಗರದ ಅಂಗಡಿಗಳಿಗೆ ಹೋದರೆ ಕ್ಯಾಡ್ಬರಿಯೂ ಸಿಗುತ್ತದೆ, ಕ್ಯಾಂಪ್ಕೊ ಚಾಕೊಲೇಟೂ ಸಿಗುತ್ತದೆ. ಒಂದರ ಬೇರು ಇಂಗ್ಲೆಂಡಿನ ಪುಟ್ಟ ಧಾರ್ಮಿಕ ಪಂಥದಲ್ಲಿ, ಇನ್ನೊಂದರದು ನಮ್ಮ ಪುತ್ತೂರು ಸೀಮೆಯ ಅಡಿಕೆ ತೋಟಗಳಲ್ಲಿ.

17ನೇ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಹುಟ್ಟುಹಾಕಿದ ಕ್ವೇಕರ್ ಪಂಥದವರು ಯುದ್ಧ ಒಲ್ಲೆವೆಂದರು, ಆಣೆ ಇಡುವುದನ್ನೂ ಒಲ್ಲೆವೆಂದರು. ಸದಾ ನಿಜ ನುಡಿಯುವವರಿಗೆ ಆಣೆ ಯಾತಕ್ಕೆ ಎಂಬುದು ಅವರ ನಿಲುವು. ಆ ಹಟಕ್ಕೆ ಜೈಲು ಸೇರಿದರು. ಆಕ್ಸ್‌ಫರ್ಡ್, ಕೇಂಬ್ರಿಜ್ ಪದವಿಗಳೂ ಅವರ ಕೈಗೆಟುಕಲಿಲ್ಲ. ಹಾಗಾಗಿ ಅನೇಕರು ವ್ಯಾಪಾರಕ್ಕಿಳಿದರು. 1824ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಗಡಿ ತೆರೆದ ಜಾನ್ ಕ್ಯಾಡ್ಬರಿ, ಜನ ಹೆಂಡ ಬಿಟ್ಟು ಕುಡಿಯಲೆಂದು ಚಹಾ, ಕಾಫಿ, ಕೊಕ್ಕೊ ಮಾರಿದರು. ಅವರ ಮಕ್ಕಳು 1879ರಲ್ಲಿ ಕಾರ್ಖಾನೆಯನ್ನು ಬೋರ್ನ್‌ವಿಲ್‌ಗೆ ಸಾಗಿಸಿದರು. ಮುಂದೆ ಅಲ್ಲೇ ಹಿತ್ತಲಿರುವ ಮನೆಗಳ ಊರೊಂದು ಎದ್ದಿತು.

ಗುಲಾಮರ ವ್ಯಾಪಾರ ನಿಲ್ಲಿಸಲು 1787ರಲ್ಲಿ ಲಂಡನ್ನಿನಲ್ಲಿ ಸೇರಿದ 12 ಜನರ ಸಮಿತಿಯಲ್ಲಿ 9 ಮಂದಿ ಕ್ವೇಕರರಿದ್ದರು. ಅಂಥ ಪರಂಪರೆಯ ಕ್ಯಾಡ್ಬರಿ ಮನೆಯವರಿಗೆ, ತಾವು ಕೊಳ್ಳುವ ಸಾವೊ ಟೊಮೆ ದ್ವೀಪದ ಕೊಕ್ಕೊದಲ್ಲಿ ಗುಲಾಮರ ಬೆವರಿದೆ ಎಂಬ ಸುದ್ದಿ ಮುಟ್ಟಿದ್ದು 1901ರಲ್ಲಿ. ಕೊಳ್ಳುವುದನ್ನು ನಿಲ್ಲಿಸಿದ್ದು 1909ರಲ್ಲಿ. ವಿಚಾರಣೆ ಮಾಡಿಸಿದರು, ಆ ದ್ವೀಪವನ್ನು ಆಳುತ್ತಿದ್ದ ಪೋರ್ಚುಗೀಸರ ಮನವೊಲಿಸಲು ನೋಡಿದರು, ನಿಜ. ಆದರೂ ಆ ಎಂಟು ವರ್ಷ ನನ್ನನ್ನು ಕಾಡುತ್ತದೆ. ಕೊಳ್ಳುವವನು ಎಷ್ಟೇ ಸಜ್ಜನನಾಗಿದ್ದರೂ ಬೆಳೆಯುವವನ ಸಂಕಟ ಅವನಿಗೆ ತಡವಾಗಿಯೇ ತಟ್ಟುತ್ತದೆ.

ಕ್ಯಾಡ್ಬರಿ ಭಾರತಕ್ಕೆ ಬಂದದ್ದು 1948ರಲ್ಲಿ. 1960ರ ದಶಕದಿಂದ ಕಂಪನಿ ಇಲ್ಲಿ ಕೊಕ್ಕೊ ಕೃಷಿಗೆ ಉತ್ತೇಜನ ಕೊಟ್ಟಿತು. ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ಅಡಿಕೆ ಮರದ ನೆರಳಿಗೆ ಕೊಕ್ಕೊ ಚೆನ್ನಾಗಿ ಒಗ್ಗಿತು. ಕಾಯಿ ಕಾಂಡಕ್ಕೇ ಅಂಟಿ ಬಿಡುತ್ತದೆ. ಒಡೆದರೆ ಬಿಳಿ ಲೋಳೆ ಮೆತ್ತಿದ ಬೀಜ, ಹುಳಿಸಿಹಿ ರುಚಿ. ಆರೇಳು ದಿನ ಹುದುಗು ಬಂದು ಬಿಸಿಲಲ್ಲಿ ಒಣಗಿದ ಮೇಲೆಯೇ ಚಾಕೊಲೇಟಿನ ಘಮ ಹುಟ್ಟುವುದು. ಅಳಿಲು, ಮಂಗಗಳ ಕಾಟವಂತೂ ತಪ್ಪಿದ್ದಲ್ಲ.

1980ರ ಹೊತ್ತಿಗೆ ಧಾರಣೆ ಕುಸಿಯಿತು, ಖಾಸಗಿ ಖರೀದಿದಾರರು ಹಿಂದೆ ಸರಿದರು. ಬೇಸತ್ತ ಬೆಳೆಗಾರರು ಗಿಡಗಳನ್ನೇ ಕಡಿಯತೊಡಗಿದರು. ಆಗ ಕೈಹಿಡಿದದ್ದು ಕ್ಯಾಂಪ್ಕೊ. ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಅಡಿಕೆಗೆಂದು ಹುಟ್ಟಿದ್ದ ಈ ಸಹಕಾರಿ ಸಂಸ್ಥೆ ಕೊಕ್ಕೊ ಖರೀದಿಗೂ ಇಳಿಯಿತು. ಬೀಜ ಕೊಂಡು ದಾಸ್ತಾನಿಟ್ಟರೆ ಸಾಲದು, ಅದನ್ನು ತಾವೇ ಬಳಸಬೇಕೆಂದು ಭಟ್ಟರು ಪಟ್ಟು ಹಿಡಿದರು. ಅಡಿಕೆ ರೈತರ ಸಂಘವೊಂದು ಚಾಕೊಲೇಟ್ ಮಾಡಲು ಹೊರಡುವುದು ಆ ಕಾಲಕ್ಕೆ ಸಣ್ಣ ಎದೆಗಾರಿಕೆಯಲ್ಲ. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಶುರುವಾಯಿತು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರೇ ಅದರ ಒಡೆಯರು.