ದುಡಿಮೆಯ ನಡುವೆ ಎಂ.ಬಿ.ಎ. ವ್ಯಾಸಂಗ

ವಿದ್ಯಾರ್ಜನೆಯೆಂಬುದು ಇಪ್ಪತ್ತೆರಡರ ವಯಸ್ಸಿಗೆ ಮುಗಿದುಹೋಗುವ ಕಾರ್ಯವೆಂದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಭಾವಿಸಲಾಗಿದೆ. ಮೊದಲು ಪದವಿ, ತರುವಾಯ ನೌಕರಿ, ಆಮೇಲೆ ಮದುವೆ. ಆದರೆ ಬ್ಯಾಂಕಿನಲ್ಲಿಯೋ ಕಾರ್ಖಾನೆಯಲ್ಲಿಯೋ ಎಂಟು-ಹತ್ತು ವರ್ಷ ದುಡಿದ ತರುಣ ತರುಣಿಯರಲ್ಲಿ ಅನೇಕರು ಒಂದು ಘಟ್ಟಕ್ಕೆ ಬಂದು ನಿಂತುಬಿಡುತ್ತಾರೆ. ತಮ್ಮ ಕೆಲಸವನ್ನು ಅವರು ಚೆನ್ನಾಗಿ ಬಲ್ಲರು. ಆದರೆ ಹತ್ತು ಜನರಿಂದ ಕೆಲಸ ಮಾಡಿಸುವ, ಸಂಸ್ಥೆಯ ಆಯವ್ಯಯವನ್ನು ಓದಿ ನಿರ್ಣಯ ಕೈಗೊಳ್ಳುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಅದನ್ನು ಕಲಿಯಲು ನೌಕರಿ ಬಿಡೋಣವೆಂದರೆ ಮನೆಸಾಲದ ಕಂತು, ಮಕ್ಕಳ ಶಾಲೆ, ವೃದ್ಧ ತಂದೆತಾಯಿಗಳ ಹೊಣೆ. ಅರೆಕಾಲಿಕ ಎಂ.ಬಿ.ಎ. ವ್ಯಾಸಂಗವಿರುವುದು ಇಂಥವರಿಗಾಗಿಯೇ.

ಈ ಪದ್ಧತಿ ಹೊಸದಲ್ಲ. ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯವು ಉದ್ಯೋಗದಲ್ಲಿರುವ ಅಧಿಕಾರಿಗಳಿಗಾಗಿಯೇ 1943ರಲ್ಲಿ ಎಂ.ಬಿ.ಎ. ತರಗತಿಯನ್ನು ತೆರೆಯಿತು. ಮುಂಬಯಿಯಲ್ಲಿ 1965ರಲ್ಲಿ ಸ್ಥಾಪಿತವಾದ ಜಮನಾಲಾಲ್ ಬಜಾಜ್ ನಿರ್ವಹಣಾ ಸಂಸ್ಥೆಯು ನೌಕರಿಯಲ್ಲಿರುವವರಿಗೆ ಮೂರು ವರ್ಷಗಳ ಅರೆಕಾಲಿಕ ಶಿಕ್ಷಣ ನೀಡುವುದರಲ್ಲಿ ಹೆಸರಾಯಿತು. ನಮ್ಮ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಐ.ಐ.ಎಂ., 1998ರಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳಿಗೆಂದು ಇಂಥದೊಂದು ತರಗತಿಯನ್ನು ಪ್ರಾರಂಭಿಸಿತು. ಮುಂದೆ ಅದರ ಬಾಗಿಲು ಇತರ ಉದ್ಯಮಗಳವರಿಗೂ ತೆರೆಯಿತು. ಐ.ಐ.ಎಂ.ಗಳು ಹಿಂದೆ ಡಿಪ್ಲೊಮಾವನ್ನಷ್ಟೇ ಕೊಡಬಹುದಾಗಿತ್ತು. 2018ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯಿಂದ ಅವುಗಳಿಗೆ ಪದವಿ ನೀಡುವ ಅಧಿಕಾರವೂ ದೊರೆತಿದೆ.

ಇಂಥ ವ್ಯಾಸಂಗವು ಉದ್ಯೋಗದಲ್ಲಿ ಮುಂದೊಯ್ಯುವ ಬಗೆ ಯಾವುದು? ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ನಿಮ್ಮ ಮಗ ಸೂಪರ್‌ವೈಸರ್ ಆಗಿದ್ದಾನೆಂದು ಇಟ್ಟುಕೊಳ್ಳಿ. ಅಲ್ಲಿ ಒಂದು ಬಿಡಿಭಾಗದ ಮಾರಾಟದ ಬೆಲೆ 500 ರೂಪಾಯಿ. ಕಚ್ಚಾಮಾಲು, ಕೂಲಿ, ವಿದ್ಯುತ್ತು ಸೇರಿ ಒಂದಕ್ಕೆ 300 ರೂಪಾಯಿ ಖರ್ಚು. ಬಾಡಿಗೆ, ಸಂಬಳ, ಬಡ್ಡಿ ಮುಂತಾದ ಸ್ಥಿರ ವೆಚ್ಚ ತಿಂಗಳಿಗೆ 6,00,000 ರೂಪಾಯಿ. ಈಗ ತಿಂಗಳಿಗೆ 3,500 ಭಾಗಗಳು ತಯಾರಾಗುತ್ತಿವೆ. ಆಗ ಇನ್ನೂ 400 ಭಾಗಗಳಿಗೆ ಬೇಡಿಕೆ ಬರುತ್ತದೆ. ಅವನ್ನು ಓವರ್‌ಟೈಮ್‌ನಲ್ಲಿ ಮಾಡಿಸಬೇಕು. ಅದಕ್ಕೆ ಒಂದೊಂದಕ್ಕೂ 40 ರೂಪಾಯಿ ಹೆಚ್ಚಿನ ಕೂಲಿ.

ಸಾಮಾನ್ಯವಾಗಿ ಲೆಕ್ಕ ಹಾಕುವವನು ಸ್ಥಿರ ವೆಚ್ಚವನ್ನು 3,500ರಿಂದ ಭಾಗಿಸಿ, ಒಂದಕ್ಕೆ ಸುಮಾರು 171 ರೂಪಾಯಿ ಎಂದು ಹಿಡಿಯುತ್ತಾನೆ. 300, 171, 40 ಕೂಡಿದರೆ 511. ಮಾರುವ ಬೆಲೆ 500. ಹನ್ನೊಂದು ರೂಪಾಯಿ ನಷ್ಟವೆಂದು ಬೇಡಿಕೆಯನ್ನು ಹಿಂದಿರುಗಿಸುತ್ತಾನೆ. ವೆಚ್ಚಶಾಸ್ತ್ರವನ್ನು ಓದಿದವನು ಬೇರೆ ರೀತಿಯಲ್ಲಿ ಯೋಚಿಸುತ್ತಾನೆ. ಮೊದಲ 3,000 ಭಾಗಗಳಲ್ಲಿಯೇ ಸ್ಥಿರ ವೆಚ್ಚವೆಲ್ಲ ಹುಟ್ಟಿಬಂದಿದೆ. ಆಚೆಗಿನ ಪ್ರತಿಯೊಂದರಿಂದ, ಓವರ್‌ಟೈಮ್ ಕಳೆದರೂ, 160 ರೂಪಾಯಿ ಉಳಿಯುತ್ತದೆ. 400ಕ್ಕೆ 64,000 ರೂಪಾಯಿ ಲಾಭ. ಶನಿವಾರ ಕಲಿತ ಈ ಪಾಠವನ್ನು ಸೋಮವಾರ ತನ್ನ ಕಾರ್ಖಾನೆಯ ಅಂಕಿಗಳಿಗೆ ಅನ್ವಯಿಸಿ ಮಾಲೀಕರ ಮುಂದಿಟ್ಟವನನ್ನು ಅವರು ಮತ್ತೆ ಕೇವಲ ಸೂಪರ್‌ವೈಸರ್ ಎಂದು ಕಾಣಲಾರರು. ‘ದೇಶ ಸುತ್ತಬೇಕು, ಕೋಶ ಓದಬೇಕು’ ಎನ್ನುತ್ತದೆ ನಮ್ಮ ಗಾದೆ. ಅರೆಕಾಲಿಕ ವಿದ್ಯಾರ್ಥಿಗೆ ಎರಡೂ ಏಕಕಾಲಕ್ಕೆ ಲಭ್ಯ. ಅವನ ಪ್ರಯೋಗಶಾಲೆ ಅವನ ಕಚೇರಿಯೇ.

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಅವರು 1992ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಅಲ್ಲಿ ದುಡಿಯುತ್ತಲೇ ವಾರಾಂತ್ಯಗಳಲ್ಲಿ ವಿಮಾನದಲ್ಲಿ ಷಿಕಾಗೋಗೆ ಹೋಗಿಬಂದು 1997ರಲ್ಲಿ ಎಂ.ಬಿ.ಎ. ಪದವಿ ಪಡೆದರು. ಅವರು ಸಂಸ್ಥೆಯ ಮುಖ್ಯಸ್ಥರಾದದ್ದು 2014ರಲ್ಲಿ. ನಡುವಿನ ಹದಿನೇಳು ವರ್ಷಗಳನ್ನು ನಮ್ಮ ತರುಣರು ಮರೆಯಬಾರದು. ಪದವಿಪತ್ರ ಕೈಗೆ ಬಂದ ಮರುದಿನವೇ ಬಡ್ತಿ ಬರುವುದೆಂದು ಎಣಿಸುವವರಿಗೆ ನಿರಾಶೆ ತಪ್ಪಿದ್ದಲ್ಲ. ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಕಾಲೇಜಿನ ಆವರಣದಲ್ಲಿಯೇ ನೌಕರಿ ಕೊಡಿಸುವ ಏರ್ಪಾಡು ಇರುವಂತೆ ಅರೆಕಾಲಿಕರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕಲಿತದ್ದನ್ನು ಕೆಲಸದಲ್ಲಿ ತೋರಿಸಿಯೇ ಮೇಲೇರಬೇಕು. ಸರ್ಕಾರಿ ನೌಕರರಂತೂ ತಮ್ಮ ಇಲಾಖೆಯ ಬಡ್ತಿ ನಿಯಮಗಳಲ್ಲಿ ಈ ಪದವಿಗೆ ಸ್ಥಾನವಿದೆಯೇ ಎಂಬುದನ್ನು ಮೊದಲೇ ತಿಳಿದು, ಅನುಮತಿ ಪಡೆದು ಸೇರುವುದು ಲೇಸು. ಸಂಸ್ಥೆಯೇ ಶುಲ್ಕ ಭರಿಸುವುದಾದರೆ, ಪ್ರತಿಯಾಗಿ ಎಷ್ಟು ವರ್ಷ ಅಲ್ಲಿಯೇ ಉಳಿಯಬೇಕೆಂಬ ಕರಾರನ್ನು ಓದಿಯೇ ಸಹಿ ಹಾಕಬೇಕು.

ದೂರ ಶಿಕ್ಷಣದ ಮಾರ್ಗವೂ ಉಂಟು. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಎಂ.ಬಿ.ಎ. ಅಲ್ಪ ವೆಚ್ಚದ್ದು. ಮಾನ್ಯತೆ ಪಡೆದ ಸಂಸ್ಥೆಗಳ ದೂರ ಶಿಕ್ಷಣ ಹಾಗೂ ಆನ್‌ಲೈನ್ ಪದವಿಗಳು ಸಾಂಪ್ರದಾಯಿಕ ಪದವಿಗಳಿಗೆ ಸಮಾನವೆಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ. ಇಲ್ಲಿ ‘ಮಾನ್ಯತೆ ಪಡೆದ’ ಎಂಬ ಮಾತೇ ಮುಖ್ಯವಾದುದು. 1996ರಲ್ಲಿ ಸ್ಥಾಪಿತವಾದ ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸಹ 2013ರ ನಂತರ ಕೆಲವು ವರ್ಷ ಮಾನ್ಯತೆಯಿಲ್ಲದೆ ಇದ್ದು, 2018ರಲ್ಲಿ ಅದನ್ನು ಮರಳಿ ಪಡೆಯಿತು. ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಬವಣೆ ನಾಡಿಗೆಲ್ಲ ತಿಳಿದಿದೆ. ಆದುದರಿಂದ ಸೇರುವ ವರ್ಷದ ಯು.ಜಿ.ಸಿ. ಪಟ್ಟಿಯನ್ನು ಸ್ವತಃ ನೋಡದೆ ಒಂದು ರೂಪಾಯಿಯನ್ನೂ ಕಟ್ಟಬಾರದು.

ಕೊನೆಯದಾಗಿ ಮನೆಯ ಮಾತು. ಎರಡು ವರ್ಷಗಳಲ್ಲಿ ನೂರಕ್ಕೂ ಮಿಕ್ಕಿ ವಾರಾಂತ್ಯಗಳುಂಟು. ಅವುಗಳಲ್ಲಿ ಹೆಚ್ಚಿನವು ತರಗತಿಗೂ ಪರೀಕ್ಷೆಗೂ ಸಲ್ಲುತ್ತವೆ. ಬಂಧುಗಳ ಮದುವೆ, ಊರ ಜಾತ್ರೆ, ಮಕ್ಕಳೊಡನೆ ಕಳೆಯಬೇಕಾದ ಭಾನುವಾರ ಇವನ್ನು ಬಿಡುವವರು ವಿದ್ಯಾರ್ಥಿಯೊಬ್ಬರೇ ಅಲ್ಲ, ಮನೆಮಂದಿಯೆಲ್ಲರೂ. ಮಗನು ಓದುವಾಗ ಈ ತ್ಯಾಗ ನಮಗೆ ಸಹಜವೆನಿಸುತ್ತದೆ. ಸೊಸೆ ಓದುವೆನೆಂದಾಗ ಮಾತ್ರ ‘ಒಲೆ ಹಚ್ಚುವವರು ಯಾರು?’ ಎಂಬ ಪ್ರಶ್ನೆ ಏಳುತ್ತದೆ. ಕಚೇರಿಯಲ್ಲಿ ಅವಳೂ ಅದೇ ಘಟ್ಟದಲ್ಲಿ ನಿಂತಿರುತ್ತಾಳೆ. ಅವಳ ಸಂಬಳದಿಂದಲೂ ಮನೆಯ ಕಂತು ಸಲ್ಲುತ್ತಿರುತ್ತದೆ. ಆದುದರಿಂದ ಅರ್ಜಿ ತುಂಬುವ ಮೊದಲು ಮನೆಯವರೆಲ್ಲ ಒಂದು ಸಂಜೆ ಕುಳಿತು, ಶುಲ್ಕ ಎಲ್ಲಿಂದ ಬರಬೇಕು, ಶನಿವಾರ ಮಗುವನ್ನು ಯಾರು ನೋಡಿಕೊಳ್ಳಬೇಕು, ಪರೀಕ್ಷೆಯ ವಾರ ಅಡಿಗೆ ಯಾರದು ಎಂಬುದನ್ನು ಬಾಯಿಬಿಟ್ಟು ಮಾತನಾಡಿ ಗೊತ್ತುಮಾಡಿಕೊಳ್ಳಲಿ. ಅತ್ತೆ ಮಾವಂದಿರು ಆ ಹೊಣೆಯಲ್ಲಿ ಒಂದು ಪಾಲನ್ನು ತಾವಾಗಿಯೇ ಕೇಳಿ ಪಡೆಯಲಿ. ಹಾಗಾದರೆ ಓದುವವರು ನಿಶ್ಚಿಂತೆಯಿಂದ ಓದಿ ಮುಗಿಸಿಯಾರು.